ಸೀನಿದ ಕೂಸು

ರಾಮಲಕ್ಷ್ಮಮ್ಮನನ್ನು ಊರಿನವರು ಸನ್ನಿ ರಾಮಕ್ಕ ಎನ್ನುತ್ತಿದ್ದರು. ಬೆನ್ನ ಹಿಂದೆ ಮಾತ್ರವಲ್ಲ, ಎದುರಿಗೂ. ತಳಿಯಿಂದ ಜವಳಗಿರಿಗೆ ಹೋಗುವ ದಾರಿಯಲ್ಲಿ, ಕಾಡಿನ ಅಂಚಿಗೆ ಅಂಟಿಕೊಂಡ ಊರು ಅದು. ಆಕೆ ಅಲ್ಲಿ ಸೇವಂತಿಗೆ ಬೆಳೆಯುತ್ತಿದ್ದಳು, ಮನೆಗಾಗುವಷ್ಟು ರಾಗಿ ಬೆಳೆಯುತ್ತಿದ್ದಳು, ಎರಡು ಸೀಮೆಹಸು ಕಟ್ಟಿದ್ದಳು. ಕೆಲಸದಲ್ಲಿ ಯಾರಿಗೂ ಕಡಿಮೆಯಿರಲಿಲ್ಲ. ಆದರೆ ಆಕೆಯ ಮಾತಿಗೆ ಬೆಲೆಯಿರಲಿಲ್ಲ. ಹೊಸೂರಿನ ಹೂವಿನ ಮಂಡಿಯಲ್ಲಿ ತಕ್ಕಡಿ ವಾಲುತ್ತದೆ ಎಂದರೆ ಜೊತೆಗೆ ಬಂದವರೇ ಒಬ್ಬರಿಗೊಬ್ಬರು ಕಣ್ಣು ಮಿಟುಕಿಸುತ್ತಿದ್ದರು. ಒಂದು ಸಂಜೆ ರಾಗಿ ಹೊಲದ ಆಚೆ ಕೊಂಬೆ ಮುರಿಯುವ ಸದ್ದು ಕೇಳಿ, ಆನೆ ಇಳಿದಿವೆ ಎಂದು ಅರಳಿಕಟ್ಟೆಗೆ ಬಂದು ಹೇಳಿದಳು. ಕಟ್ಟೆಯ ಮೇಲಿದ್ದವನೊಬ್ಬ, "ಆನೆ ಹೊಲದಾಗಿಲ್ಲ ಕಣ್ಲಾ, ರಾಮಕ್ಕನ ಕಿವಿಯಾಗೈತೆ" ಎಂದ. ಎಲ್ಲರೂ ನಕ್ಕರು. ಆಕೆಯ ಗಂಡ ಚಿನ್ನಪ್ಪನೂ ಅವರ ನಡುವೆಯೇ ಕೂತಿದ್ದ. ಬೆಳಿಗ್ಗೆ ನೋಡಿದರೆ ನಾಲ್ಕು ಮನೆಯವರ ರಾಗಿ ನೆಲಕ್ಕೆ ಮಲಗಿತ್ತು. ಆಕೆ ಮೊದಲೇ ಹೇಳಿದ್ದಳು ಎಂಬುದು ಯಾರ ನೆನಪಿಗೂ ಬರಲಿಲ್ಲ.

ಆ ಹೆಸರು ಬಿದ್ದು ಮೂವತ್ತು ವರ್ಷ ದಾಟಿತ್ತು. ಮುನಿರತ್ನ, ಶಶಿಕಲಾ ಎಂಬ ಎರಡು ಹೆಣ್ಣುಮಕ್ಕಳಾದ ಮೇಲೆ ಆಕೆ ಮೂರನೆಯ ಸಲ ಬಸಿರಾದಳು. ಆಗ ಸಂಸಾರ ಊರಿನಿಂದ ಹೊರಗೆ, ಹೊಲದ ಮನೆಯಲ್ಲಿತ್ತು. ಹೆರಿಗೆ ಮಾಡಿಸಿದವಳು ಅತ್ತೆ ಆದಿಲಕ್ಷ್ಮಮ್ಮ. ಊರಿನ ಅರ್ಧ ಜನರನ್ನು ಕೈಯಲ್ಲಿ ಹಿಡಿದು ಭೂಮಿಗೆ ಇಳಿಸಿದ ಸೂಲಗಿತ್ತಿ ಆಕೆ. ಹೆರಿಗೆಯ ಬೆನ್ನಿಗೇ ರಾಮಲಕ್ಷ್ಮಮ್ಮನಿಗೆ ಜ್ವರ ಏರಿತು, ಎಚ್ಚರ ತಪ್ಪಿತು. ಹೆರಿಗೆಯ ನಂಜು ಮೈಗೇರಿದರೆ ಹಾಗಾಗುತ್ತದೆ. ಊರಿನವರು ಅದನ್ನು ಬಾಣಂತಿ ಸನ್ನಿ ಎನ್ನುತ್ತಾರೆ. ದೊಡ್ಡ ಮಕ್ಕಳಿಬ್ಬರನ್ನು ತವರಿಗೆ ಕಳಿಸಿದ್ದರು. ಸೂತಕದ ಮನೆಗೆ ಹೊರಗಿನವರು ಕಾಲಿಡುವಂತಿರಲಿಲ್ಲ. ಕೆಲವು ದಿನ ಕಾದು, ಕೊನೆಗೆ ಜೀಪು ತರಿಸಿ ಆಕೆಯನ್ನು ಹೊಸೂರಿನ ಆಸ್ಪತ್ರೆಗೆ ಸೇರಿಸಿದರು.

ಎಚ್ಚರ ಬಂದಾಗ ಕೂಸೆಲ್ಲಿ ಎಂದು ಕೇಳಿದಳು. ಸತ್ತು ಹುಟ್ಟಿತು ಎಂದಳು ಅತ್ತೆ. ಚಿನ್ನಪ್ಪ ಕಿಟಕಿಯ ಆಚೆ ನೋಡುತ್ತಿದ್ದ.

ಆದರೆ ರಾಮಲಕ್ಷ್ಮಮ್ಮನಿಗೆ ಒಂದು ನೆನಪಿತ್ತು. ಜ್ವರ ಇನ್ನೂ ಪೂರ್ತಿ ಏರಿರಲಿಲ್ಲ. ಕೂಸು ಮೊಲೆ ಕುಡಿಯುತ್ತಿತ್ತು. ಕುಡಿಯುವುದನ್ನು ಬಿಟ್ಟು ಮೂಗು ಮುದುರಿ ಒಂದು ಸಲ ಸೀನಿತು. ಆ ಕಡೆ ಮಕ್ಕಳು ಸೀನಿದರೆ ಹಿರಿಯರು ನೂರು ವರ್ಷ ಎನ್ನುತ್ತಾರೆ. ಆಕೆಯೂ ಅಂದಿದ್ದಳು. ಇಷ್ಟೇ ನೆನಪು. ಹಿಂದೆ ಮುಂದೆ ಏನೂ ಇರಲಿಲ್ಲ.

ಅದನ್ನು ಆಕೆ ಹೇಳಿದಳು. ಮೊದಲು ಅತ್ತೆಗೆ, ಆಮೇಲೆ ಗಂಡನಿಗೆ, ಆಮೇಲೆ ತವರಿನವರಿಗೆ, ಬಾವಿಕಟ್ಟೆಯ ಹೆಂಗಸರಿಗೆ. ಜ್ವರದಲ್ಲಿ ಕಂಡ ಕನಸು ಎಂದರು. ಊರಿಗೆಲ್ಲ ಹೆರಿಗೆ ಮಾಡಿಸಿದವಳ ಮಾತಿನ ಎದುರು ಸನ್ನಿ ಹಿಡಿದವಳ ಮಾತು ನಿಲ್ಲುವುದು ಹೇಗೆ? ದುಃಖ ಹಳೆಯದಾದಂತೆ ಊರಿಗೆ ಅದು ತಮಾಷೆಯಾಯಿತು. ಬಸ್ಸಿಗೆ ಕಾಯುವಾಗ ಯಾರಾದರೂ ಸೀನಿದರೆ, "ರಾಮಕ್ಕಾ, ಇವ್ನು ಬದುಕವ್ನಾ ನೋಡ್ಹೇಳು" ಎನ್ನುವವರಿದ್ದರು. ಕೆಲವು ವರ್ಷಗಳ ಮೇಲೆ ಆಕೆ ಹೇಳುವುದನ್ನು ನಿಲ್ಲಿಸಿದಳು. ನಂಬುವುದನ್ನು ನಿಲ್ಲಿಸಿದ್ದಳೋ ಇಲ್ಲವೋ ಯಾರೂ ಕೇಳಲಿಲ್ಲ.

ಆ ಊರಿನ ಪಕ್ಕದ ಗುಡ್ಡದ ಮೇಲೆ, ಚಪ್ಪಡಿಗಳನ್ನು ನಿಲ್ಲಿಸಿ ಮೇಲೊಂದು ದೊಡ್ಡ ಚಪ್ಪಡಿ ಮುಚ್ಚಿದ ಪುಟ್ಟ ಕಲ್ಲುಕೋಣೆಗಳಿವೆ. ಎರಡು ಸಾವಿರ ವರ್ಷಕ್ಕೂ ಹಿಂದೆ, ಕಬ್ಬಿಣದ ಬಳಕೆ ಕಲಿತಿದ್ದ ಜನ ತಮ್ಮ ಸತ್ತವರಿಗಾಗಿ ಕಟ್ಟಿದ ಸಮಾಧಿಗಳು. ಊರಿನವರಿಗೆ ಅವು ಪಾಂಡವರ ಮನೆಗಳು. ಪ್ರತಿ ಕೋಣೆಯ ಮುಂದಿನ ಚಪ್ಪಡಿಯಲ್ಲಿ ಕೊಡದ ಬಾಯಿಯಷ್ಟು ಅಗಲದ ದುಂಡು ಕಿಂಡಿ ಇದೆ.

ಹಲ್ಲು ಹುಟ್ಟುವ ಮೊದಲೇ ಸತ್ತ ಕೂಸಿಗೆ ಆ ಊರಿನ ಮಸಣದಲ್ಲಿ ಜಾಗವಿರಲಿಲ್ಲ. ಅದಕ್ಕೆ ತಿಥಿಯಿಲ್ಲ, ಹಿರಿಯರ ಹಬ್ಬದ ಎಡೆಯಲ್ಲಿ ಪಾಲಿಲ್ಲ. ಮನೆಯ ಗಂಡಸೊಬ್ಬ ಅದನ್ನು ಬಟ್ಟೆಯಲ್ಲಿ ಸುತ್ತಿ ಗುಡ್ಡ ಹತ್ತಿ, ಕಿಂಡಿಯೊಳಗೆ ಸರಿಸಿ, ಹಿಂತಿರುಗಿ ನೋಡದೆ ಇಳಿಯಬೇಕು. ಹೆಂಗಸರು ಹತ್ತುವಂತಿಲ್ಲ. ಒಳಗೆ ಕುಂತಮ್ಮ ನೋಡಿಕೊಳ್ಳುತ್ತಾಳೆ ಎಂಬುದು ನಂಬಿಕೆ. ಮೊದಲ ಮಗುವನ್ನು ಹೊಳೆಗೆ ಬಿಟ್ಟವಳನ್ನೇ ಈ ಕೆಲಸಕ್ಕೆ ಯಾಕೆ ಆರಿಸಿದರೋ ನನಗೆ ತಿಳಿಯದು. ಆಸ್ಪತ್ರೆಯ ಹೆರಿಗೆಗಳು ಬಂದಮೇಲೆ ಆ ಪದ್ಧತಿ ನಿಂತುಹೋಗಿತ್ತು. ಈಗ ಅದನ್ನು ಬಾಯಿಬಿಟ್ಟು ಹೇಳಲು ಜನ ನಾಚುತ್ತಾರೆ. ಆದ್ದರಿಂದ ಒಂದು ವಿಶ್ವವಿದ್ಯಾಲಯದವರು ಗುಡ್ಡದ ಮೇಲೆ ಅಗೆಯಲು ಬಂದಾಗ ಊರಿನ ಯಾರೂ ಈ ವಿಷಯ ಎತ್ತಲಿಲ್ಲ.

ಅಗೆತದ ಮುಖ್ಯಸ್ಥ ಮುನೀಂದ್ರ ಪಕ್ಕದ ಊರಿನವನೇ. ಗಡಿನಾಡಾದ್ದರಿಂದ ಮನೆಯಲ್ಲಿ ಕನ್ನಡ, ಓದಿದ್ದು ತಮಿಳಿನಲ್ಲಿ, ಕೂಲಿಯವರೊಡನೆ ತೆಲುಗು. ಗೊತ್ತಿರುವ ಹುಡುಗನಾದ್ದರಿಂದ ಊರಿನವರು ಅವನನ್ನು ಕಾಡುವುದಕ್ಕೆ ಮಿತಿಯಿರಲಿಲ್ಲ. ಸಂಜೆ ಗುಡ್ಡ ಇಳಿದು ಬಂದರೆ, ಭೀಮನ ಗದೆ ಸಿಕ್ಕಿತೇ, ದ್ರೌಪದಿಯ ಓಲೆ ಸಿಕ್ಕಿತೇ ಎಂದು ಕೇಳುವರು. ಸಿಕ್ಕಿದ್ದು ಕಪ್ಪು ಕೆಂಪು ಮಡಕೆಗಳು, ತುಕ್ಕು ಹಿಡಿದ ಕುಡುಗೋಲು, ಎಲುಬುಗಳು. ಮೂರನೆಯ ಕೋಣೆಯ ಮೇಲುಮಣ್ಣನ್ನು ಜರಡಿ ಹಿಡಿದಾಗ ಎಳೆಯ ಕೂಸಿನ ಎಲುಬುಗಳ ಜೊತೆಗೆ ಒಂದು ಸೇಫ್ಟಿ ಪಿನ್ನು ಬಂತು. ಕಬ್ಬಿಣ ಯುಗದವರು ಪಿನ್ನು ಬಳಸುತ್ತಿರಲಿಲ್ಲ. ಮುನೀಂದ್ರ ಅಲ್ಲಿಗೇ ಕೆಲಸ ನಿಲ್ಲಿಸಿ ತಾಲೂಕು ಕಚೇರಿಗೂ ಪೊಲೀಸರಿಗೂ ತಿಳಿಸಿದ. ಆಮೇಲೆ ನನ್ನನ್ನು ಕರೆಸಿದ. ಸತ್ತವರ ಎಲುಬು ನೋಡಿ ವಯಸ್ಸು, ಕಾಲ, ಸಾಧ್ಯವಾದರೆ ಸಾವಿನ ಕಾರಣ ಹೇಳುವುದು ನನ್ನ ವಿದ್ಯೆ.

ತಳಿಯಲ್ಲಿ ಅವರು ಬಾಡಿಗೆಗೆ ಹಿಡಿದಿದ್ದ ಮನೆಯ ನಡುಮನೆಯಲ್ಲಿ ಉದ್ದನೆಯ ಮೇಜು ಹಾಕಿಸಿ ಕೆಲಸ ಆರಂಭಿಸಿದೆ. ಹೊಸ ಎಲುಬನ್ನೂ ಹಳೆಯ ಎಲುಬನ್ನೂ ಬೇರೆ ಮಾಡುವುದು ಮೊದಲ ಕೆಲಸ. ಹಳೆಯದು ಹಗುರ, ಕೆಂಪು ಮಣ್ಣು ಅದರ ಒಳಗೆ ಇಳಿದಿರುತ್ತದೆ. ಅದರೊಳಗಿನ ಅಂಟಿನಂಥ ಪದಾರ್ಥ ಹೋಗಿ ತೂತು ತೂತಾಗಿರುವುದರಿಂದ ನಾಲಿಗೆಯ ತುದಿಗೆ ತಾಗಿಸಿದರೆ ಹಿಡಿದುಕೊಳ್ಳುತ್ತದೆ. ಹೊಸದು ಹಿಡಿದುಕೊಳ್ಳುವುದಿಲ್ಲ. ನೇರಳಾತೀತ ಬೆಳಕಿನ ದೀಪದ ಕೆಳಗೆ ಹೊಸ ಎಲುಬು ತಿಳಿನೀಲಿಯಾಗಿ ಹೊಳೆಯುತ್ತದೆ, ಹಳೆಯದು ಮಂಕಾಗಿರುತ್ತದೆ. ಬೆಂಗಳೂರಿನಿಂದ ಬಂದ ಮುದುಕಿ ಹೆಣದ ಮೂಳೆ ನೆಕ್ಕುತ್ತಾಳೆ ಎಂದು ಊರಿನಲ್ಲಿ ಸುದ್ದಿಯಾಯಿತು. ಅದು ಸುಳ್ಳಲ್ಲ.

ಒಪ್ಪಿಗೆ ಸಿಕ್ಕ ಮೇಲೆ ಪೂರ್ತಿ ಅಗೆದಾಗ ಆ ಕೋಣೆಯಲ್ಲಿ ಎರಡು ಕೂಸುಗಳು ಸಿಕ್ಕವು. ಒಂದು ಕೆಳಗಿನ ಪದರದಲ್ಲಿ, ಕಲ್ಲುಕೋಣೆ ಕಟ್ಟಿದವರದೇ. ಇನ್ನೊಂದು ಮೇಲೆ, ಪಿನ್ನಿನ ಜೊತೆ ಬಂದದ್ದು.

ರಾಮಲಕ್ಷ್ಮಮ್ಮ ಒಂದು ಮಧ್ಯಾಹ್ನ ಆ ಮನೆಯ ಬಾಗಿಲಿಗೆ ಬಂದಳು. ಮಂಡಿಗೆ ಹೂ ಹಾಕಿ ಹಿಂತಿರುಗುವ ಬಸ್ಸಿನಿಂದ ಇಳಿದು ನೇರ ಬಂದಿದ್ದಳು. ಕೈಯಲ್ಲಿ ಖಾಲಿ ಗೋಣಿಚೀಲ. ಒಳಗೆ ಬನ್ನಿ ಎಂದರೂ ಬರಲಿಲ್ಲ, ಹೊಸ್ತಿಲ ಆಚೆ ಕೂತಳು. ಎಲುಬು ನೋಡಿದರೆ ಎಲ್ಲ ತಿಳಿಯುತ್ತದಂತೆ, ನಿಜವೇ ಎಂದು ಕೇಳಿದಳು. ಕೆಲವು ತಿಳಿಯುತ್ತದೆ, ಬಹಳ ತಿಳಿಯುವುದಿಲ್ಲ ಎಂದೆ. ಸ್ವಲ್ಪ ಹೊತ್ತು ಚೀಲ ಮಡಿಸುತ್ತ ಕೂತಿದ್ದಳು.

"ಸತ್ತು ಹುಟ್ಟಿದ ಕೂಸು ಸೀನ್ತದಾ, ಮೇಡಮ್ನೋರೆ?"

ಇಲ್ಲ ಎಂದೆ.

"ಹಂಗಾದ್ರೆ ನನ್ ಕೂಸು ಸೀನ್ತಾ ಇಲ್ವಾ ನೋಡ್ಹೇಳಿ. ಪಾಂಡವ್ರ ಮನೇಗೆ ಹಾಕವ್ರೆ ಅದ್ನ. ಮೂರ್ನೇದು, ಮೂಡ್ಲು ಕಡೆ ಬಾಯಿರೋದು. ನಮ್ಮನೆಯೋರೇ ಹಾಕಿದ್ದು, ಒಂದ್ಕಿತ ಕೇಳಿದ್ಕೆ ಹೇಳವ್ರೆ."

ಆಗ ಆಕೆ ನಾನು ಮೇಲೆ ಬರೆದದ್ದನ್ನೆಲ್ಲ ಹೇಳಿದಳು. ಅಳಲಿಲ್ಲ. ಹೇಳಿ ಹೇಳಿ ಸವೆದ ಮಾತನ್ನು ಬಹಳ ಕಾಲದ ಮೇಲೆ ಹೊರಗೆ ತೆಗೆದವಳ ಹಾಗೆ, ಸರಿಯಾಗಿ ಇದೆಯೇ ಎಂದು ನೋಡುತ್ತ ಹೇಳಿದಳು. ಹೇಳಿ ಮುಗಿಸುವ ಹೊತ್ತಿಗೆ ಎರಡನೆಯ ಮಗಳು ಶಶಿಕಲಾ ಹುಡುಕಿಕೊಂಡು ಬಂದಳು. ಹೊಸೂರಿನ ಕಾರ್ಖಾನೆಯಲ್ಲಿ ಕೆಲಸ, ಕೊರಳಲ್ಲಿ ಗುರುತಿನ ಚೀಟಿ ಹಾಗೇ ನೇತಾಡುತ್ತಿತ್ತು. ತಾಯಿಯ ಮಾತು ಕಿವಿಗೆ ಬಿದ್ದದ್ದೇ ಅವಳ ಮುಖ ಬಿಗಿಯಿತು.

"ಇದ್ನ ಇಲ್ಲಿಗೂ ತಂದ್ಯಾ? ಏಳಮ್ಮ, ನಂಗೆ ಸೆಕೆಂಡ್ ಶಿಫ್ಟೈತೆ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, ಅಮ್ಮನಿಗೆ ಹಿಂದೆ ಜ್ವರ ತಲೆಗೇರಿತ್ತು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಕ್ಷಮೆ ಕೇಳಿದಳು. ಅದರಲ್ಲಿ ಕೆಟ್ಟತನವಿರಲಿಲ್ಲ. ಆ ಮನೆಯ ಮಕ್ಕಳು ಅದನ್ನು ಕೇಳುತ್ತಲೇ ಬೆಳೆದಿದ್ದರು.

ಕೂತುಕೋ ಎಂದು ಶಶಿಕಲಾಳಿಗೆ ಹೇಳಿ, ಆಗುವುದೇನು, ಆಗದಿರುವುದೇನು ಎಂದು ಇಬ್ಬರಿಗೂ ವಿವರಿಸಿದೆ. ಕೂಸಿಗೆ ಹಲ್ಲಿರುವುದಿಲ್ಲ ಎಂಬುದು ಸುಳ್ಳು. ಹುಟ್ಟುವಾಗಲೇ ಇಪ್ಪತ್ತು ಹಾಲುಹಲ್ಲುಗಳೂ ದವಡೆಯ ಒಳಗೆ ಮೂಡಲು ಶುರುವಾಗಿರುತ್ತವೆ. ಕೆಲವು ಅಕ್ಕಿನುಚ್ಚಿನಷ್ಟು, ಕೆಲವು ಅದಕ್ಕೂ ಸಣ್ಣವು. ಹಲ್ಲಿನ ಮೇಲಿನ ಗಟ್ಟಿ ಪದರ ದಿನದಿನವೂ ತೆಳುವಾಗಿ ಕೂಡುತ್ತ ಬರುತ್ತದೆ. ಹುಟ್ಟುವ ಹೊತ್ತಿಗೆ ಕೂಸಿನ ಮೈಗೆ ಆಗುವ ಆಘಾತದಿಂದ ಆ ಬೆಳವಣಿಗೆ ತಡವರಿಸುತ್ತದೆ. ಕೆರೆಯ ನೀರು ನಿಂತಿದ್ದ ಮಟ್ಟಕ್ಕೆ ಏರಿಯ ಕಲ್ಲಿನ ಮೇಲೆ ಗೆರೆ ಉಳಿಯುವ ಹಾಗೆ ಅಲ್ಲೊಂದು ಗೆರೆ ಉಳಿಯುತ್ತದೆ. ಗೆರೆಯ ಈಚೆಗಿನದು ಬಸಿರಿನಲ್ಲಿ ಬೆಳೆದದ್ದು, ಆಚೆಗಿನದು ಹುಟ್ಟಿದ ಮೇಲೆ ಬೆಳೆದದ್ದು. ಸತ್ತು ಹುಟ್ಟಿದ ಕೂಸಿನ ಹಲ್ಲಿನಲ್ಲಿ ಗೆರೆಯೇ ಇರುವುದಿಲ್ಲ. ಸತ್ತವರ ಹಲ್ಲು ಬೆಳೆಯುವುದಿಲ್ಲ.

ಆದರೆ ಅದನ್ನು ನೋಡಬೇಕಾದರೆ ಹಲ್ಲನ್ನು ಕೊಯ್ದು, ಬೆಳಕು ಹಾಯುವಷ್ಟು ತೆಳ್ಳಗೆ ಉಜ್ಜಿ, ಸೂಕ್ಷ್ಮದರ್ಶಕದ ಕೆಳಗೆ ಇಡಬೇಕು. ಆ ಹಲ್ಲು ಮತ್ತೆ ಹಲ್ಲಾಗಿ ಉಳಿಯುವುದಿಲ್ಲ. ಈ ಕೂಸು ಆಕೆಯದೇ ಎಂದು ತಿಳಿಯಲು ಆಕೆಯ ಬಾಯಿಯ ಎಂಜಲೂ ಬೇಕು. ಇನ್ನೂ ಒಂದು ಮಾತು ಹೇಳಿದೆ: ಗೆರೆ ಇಲ್ಲದಿದ್ದರೆ ಇಲ್ಲ ಎಂದೇ ಹೇಳುತ್ತೇನೆ, ಸಮಾಧಾನಕ್ಕೆ ಬೇರೆ ಮಾತು ನನ್ನಲ್ಲಿಲ್ಲ.

"ಇಲ್ಲ ಅಂದ್ರೆ ಊರೋರ್ ಮಾತೇ ದಿಟ ಅಂದ್ಕೊತೀನಿ. ಇನ್ಮೇಲೆ ಅದ್ನ ನೆನಿಯಾಕಿಲ್ಲ" ಎಂದಳು. ಸ್ವಲ್ಪ ತಡೆದು, "ಕೊಯ್ರಿ" ಎಂದಳು. ಮತ್ತೆ, "ಐತೆ ಅಂದ್ರೆ ನಂಗೊಬ್ಳಿಗೆ ಹೇಳ್ಬ್ಯಾಡಿ. ನಮ್ಮನೆಯೋರ್ ಎದುರ್ಗೇ ಹೇಳ್ಬೇಕು" ಎಂದಳು.

ಅಂದು ಆಕೆ ಮೇಜಿನ ಹತ್ತಿರ ಬರಲಿಲ್ಲ. ಬಾಗಿಲಿನಿಂದಲೇ ಒಳಗೆ ಕಣ್ಣು ಹಾಯಿಸಿದಳು. ಹತ್ತಿಯ ಮೇಲೆ ಎಲುಬುಗಳನ್ನು ಅವುಗಳ ಜಾಗಕ್ಕೆ ತಕ್ಕಂತೆ ಹರಡಿದ್ದೆ. ಪಕ್ಕೆಲುಬುಗಳು ಒಣಗಿದ ಹುಣಿಸೆಯ ನಾರಿನ ಹಾಗೆ ಇದ್ದವು. ಒಂದು ಊಟದ ತಟ್ಟೆಯಷ್ಟು ಜಾಗದಲ್ಲಿ ಇಡೀ ಕೂಸು ಹಿಡಿದಿತ್ತು.

ಪರೀಕ್ಷೆಗಳು ಮುಗಿಯುವ ಹೊತ್ತಿಗೆ ಮುಂಗಾರು ಬಂದಿತ್ತು. ತಾಯಿಯ ಎಂಜಲಿನ ಡಿಎನ್ಎ ಕೂಸಿನ ಕಿವಿಯ ಬಳಿಯ ಎಲುಬಿನದಕ್ಕೆ ಹೊಂದಿತು. ಕೂಸು ಆಕೆಯದೇ, ಹೆಣ್ಣು. ಹಲ್ಲನ್ನು ನಾನೇ ಕೊಯ್ದೆ. ಗೆರೆ ಇತ್ತು. ಗೆರೆಯ ಆಚೆ, ತಲೆಗೂದಲಿನ ಅರ್ಧದಷ್ಟು ದಪ್ಪಕ್ಕೆ, ಶುದ್ಧವಾದ ಹೊಸ ಪದರ ಬೆಳೆದಿತ್ತು. ಹುಟ್ಟಿದ ಮೇಲೆ ಸುಮಾರು ಹತ್ತು ದಿನದ ಬೆಳವಣಿಗೆ. ಆ ಪದರದಲ್ಲಿ ಬೇರೆ ಯಾವ ತಡವರಿಕೆಯೂ ಇರಲಿಲ್ಲ. ಎಂದರೆ ಕೂಸು ಬಹಳ ಕಾಲ ನರಳಿದ್ದಕ್ಕೆ ಗುರುತಿಲ್ಲ.

ಹೋಲಿಸಿ ನೋಡಲು ಕೆಳಗಿನ ಪದರದ ಕೂಸಿನ ಹಲ್ಲನ್ನೂ ಕೊಯ್ದಿದ್ದೆ. ಎರಡು ಸಾವಿರ ವರ್ಷದ ಹಿಂದಿನ ಆ ಕೂಸಿನ ಹಲ್ಲಿನಲ್ಲಿ ಗೆರೆ ಇರಲಿಲ್ಲ. ಅದು ನಿಜವಾಗಿಯೂ ಸತ್ತೇ ಹುಟ್ಟಿತ್ತು. ಆದರೂ ಅದನ್ನು ಒಂದು ಮಡಕೆಯಲ್ಲಿ ಮಲಗಿಸಿ, ತಲೆಯ ಹತ್ತಿರ ಕೈಯ ಬೊಗಸೆಯಲ್ಲಿ ಹಿಡಿಯುವಷ್ಟು ಪುಟ್ಟ ಕಪ್ಪು ಬಟ್ಟಲನ್ನು ಇಟ್ಟಿದ್ದರು.

ಶಶಿಕಲಾಳ ವಾರದ ರಜೆಯ ದಿನ ಅವರ ಮನೆಗೆ ಹೋದೆ. ಜಗುಲಿಯ ಮೇಲೆ ಸೇವಂತಿಗೆಯ ರಾಶಿ. ರಾಮಲಕ್ಷ್ಮಮ್ಮ ಮುದುಡಿದ ಹೂಗಳನ್ನು ಬೇರೆ ಮಾಡುತ್ತಿದ್ದಳು. ಚಿನ್ನಪ್ಪ ಕಂಬಕ್ಕೆ ಒರಗಿ ಕೂತಿದ್ದ. ಒಣಕಲು ಮೈಯ, ಮೆಲುಮಾತಿನ ಮನುಷ್ಯ. ಊರಿನಲ್ಲಿ ಒಳ್ಳೆಯವನೆಂದು ಹೆಸರು. ಕುಡಿತವಿಲ್ಲ, ಹೆಂಡತಿಯ ಮೇಲೆ ಕೈ ಎತ್ತಿದವನಲ್ಲ. ತಾಯಿ ಹಾಕಿದ ಗೆರೆ ದಾಟದ ಮಗ ಎಂದು ಅವನನ್ನು ಹೊಗಳುತ್ತಿದ್ದರು. ಲೋಟದಲ್ಲಿ ಮಜ್ಜಿಗೆ ಕೊಟ್ಟರು. ಕುಡಿದು ಕೆಳಗಿಟ್ಟು, ಸುತ್ತು ಬಳಸದೆ ಹೇಳಿದೆ: ಕೂಸು ಜೀವಂತ ಹುಟ್ಟಿತ್ತು, ಹತ್ತು ದಿನದ ಆಸುಪಾಸು ಬದುಕಿತ್ತು.

ಶಶಿಕಲಾ ಕೈಯಲ್ಲಿದ್ದ ಹೂ ಕೆಳಗಿಟ್ಟಳು. ಚಿನ್ನಪ್ಪ ಅಂಗಳದ ಹಸುವಿನ ಕಡೆ ನೋಡುತ್ತಿದ್ದ.

"ಗೊತ್ತು" ಎಂದ.

ರಾಮಲಕ್ಷ್ಮಮ್ಮ ತಲೆ ಎತ್ತಿದಳು. "ಏನ್ ಗೊತ್ತು?"

"ಬದುಕಿತ್ತು ಅಂತ."

ಆಮೇಲೆ ಅವನು ಹೇಳಿದ್ದನ್ನು ಆಗಾಗ ನಿಂತ ಮಾತುಗಳಲ್ಲಿ ಕೇಳಬೇಕಾಯಿತು. ಕೂಸು ಹುಟ್ಟಿದಾಗ ಚೆನ್ನಾಗಿತ್ತು. ಇವಳು ಜ್ವರದಲ್ಲಿ ಕಣ್ಣು ಬಿಡುತ್ತಿರಲಿಲ್ಲ, ಆದರೂ ಅವನ ತಾಯಿ ಕೂಸನ್ನು ಎತ್ತಿ ಇವಳ ಮೊಲೆಗೆ ಹಿಡಿಯುತ್ತಿದ್ದಳು. ಒಂದು ದಿನ ಅವನು ಹೊಲದಿಂದ ಬಂದಾಗ ತಾಯಿ ಹೊಸ್ತಿಲಲ್ಲಿ ನಿಂತಿದ್ದಳು, ಕೈಯಲ್ಲಿ ಬಟ್ಟೆಯ ಗಂಟಿತ್ತು. ಹೋಗಿಬಿಟ್ಟಿತು, ತೆಗೆದುಕೊಂಡು ಹೋಗು ಎಂದಳು. ಇವಳಿಗೆ ಸತ್ತು ಹುಟ್ಟಿತು ಅನ್ನು, ಆಗ ದುಃಖ ಕಡಿಮೆ ಎಂದಳು. ಅವನು ತೆಗೆದುಕೊಂಡು ಹೋದ.

"ಹೆಂಗೋಯ್ತು ಅಂತ ಕೇಳ್ಲಿಲ್ವಾ?" ರಾಮಲಕ್ಷ್ಮಮ್ಮನ ದನಿ ಏರಲಿಲ್ಲ.

"ಇಲ್ಲ."

"ಬಿಚ್ಚಿ ನೋಡ್ಲಿಲ್ವಾ?"

"ಇಲ್ಲ ಕಣೆ."

"ಯಾಕೆ?"

"ನೋಡಿದ್ರೆ ಅವ್ವನ ಮಖ ಹೆಂಗ್ ನೋಡ್ಲಿ?"

"ನನ್ ಮಖ ನೋಡ್ದೆಯಲ್ಲ, ದಿನಾ."

ಅವನು ಸುಳ್ಳು ಹೇಳುತ್ತಿರಲಿಲ್ಲ ಎಂದು ನನ್ನ ಎಣಿಕೆ. ತಿಳಿಯದೇ ಇರಲು ಬೇಕಾದ ಎಚ್ಚರಿಕೆಯನ್ನೆಲ್ಲ ಅಂದೇ ತೆಗೆದುಕೊಂಡಿದ್ದ.

ರಾಮಲಕ್ಷ್ಮಮ್ಮ ನನ್ನ ಕಡೆ ತಿರುಗಿದಳು. ಹೇಗೆ ಸತ್ತಿತು ಎಂದು ಎಲುಬು ಹೇಳುತ್ತದೆಯೇ ಎಂದು ಕೇಳಿದಳು. ಇಲ್ಲ ಎಂದೆ. ಮುರಿದ ಗುರುತಿರಲಿಲ್ಲ. ಜ್ವರ ಬಂದು ಸತ್ತರೂ, ಉಸಿರು ಕಟ್ಟಿ ಸತ್ತರೂ, ವಿಷದ ಗಿಡದ ಹಾಲು ಕುಡಿಸಿದ್ದರಿಂದ ಸತ್ತರೂ ಅಷ್ಟು ಎಳೆಯ ಎಲುಬು ಒಂದೇ ಥರ ಇರುತ್ತದೆ. ಆ ಕಾಲದಲ್ಲಿ ಮನೆಯ ಮೂರನೆಯ ಹೆಣ್ಣುಕೂಸು ಎಷ್ಟೋ ಕಡೆ ಸೂತಕ ಕಳೆಯುವ ಮೊದಲೇ ಇಲ್ಲವಾಗುತ್ತಿತ್ತು. ಅದು ಆ ಜಗುಲಿಯಲ್ಲಿದ್ದ ನಾಲ್ವರಿಗೂ ಗೊತ್ತಿತ್ತು. ಆದರೆ ಗೊತ್ತಿರುವುದು ಬೇರೆ, ಸಾಕ್ಷಿ ಬೇರೆ. ಇಲ್ಲದ ಸಾಕ್ಷಿಯನ್ನು ನಾನು ಕೊಡಲಾರೆ. ನಡೆದದ್ದೇನೆಂದು ಗೊತ್ತಿದ್ದವಳು ಒಬ್ಬಳೇ, ಆದಿಲಕ್ಷ್ಮಮ್ಮ. ಆಕೆ ತೀರಿಕೊಂಡು ಹತ್ತು ವರ್ಷದ ಮೇಲಾಗಿತ್ತು.

"ಕೊನೀಗೆ ಮಾತು ಬಿದ್ದೋಗಿತ್ತು ಅವ್ಳಿಗೆ" ಎಂದಳು ರಾಮಲಕ್ಷ್ಮಮ್ಮ. "ಎರಡು ವರ್ಸ ಹಾಸ್ಗೆ. ನಾನೇ ಗಂಜಿ ಕುಡಿಸ್ದೆ, ನಾನೇ ಹೇಲು ಉಚ್ಚೆ ಬಳಿದೆ. ನನ್ ಕೈ ಹಿಡ್ಕೊಂಡು ಬಾಯಾಡಿಸೋಳು. ಏನೋ ಹೇಳೋಕೆ. ನಾನು ನೀರು ಕುಡಿಸ್ದೆ."

ಮತ್ತೆ ಹೂವಿನ ರಾಶಿಗೆ ಕೈ ಹಾಕಿದಳು. ಆದರೆ ಒಳ್ಳೆಯ ಹೂವನ್ನೂ ಮುದುಡಿದ್ದನ್ನೂ ಒಂದೇ ಕಡೆ ಹಾಕುತ್ತಿದ್ದಳು. ಶಶಿಕಲಾ ಅದನ್ನು ನೋಡಿ, ಪಕ್ಕದಲ್ಲಿ ಕೂತು ಮತ್ತೆ ಬೇರೆ ಮಾಡತೊಡಗಿದಳು. ಸ್ವಲ್ಪ ಹೊತ್ತಿನ ಮೇಲೆ, "ಅಮ್ಮ, ಸೀನ್ತಾ ಅದು?" ಎಂದು ಕೇಳಿದಳು.

"ಸೀನ್ತು."

"ನಾನು ನಂಬ್ಲಿಲ್ಲ ಕಣಮ್ಮ."

"ನೀನು ಆವಾಗ ಎಷ್ಟುದ್ದ ಇದ್ದೆ?" ಎಂದಳು ರಾಮಲಕ್ಷ್ಮಮ್ಮ.

ಏಳುವಾಗ ಕೆಳಗಿನ ಪದರದ ಕೂಸಿನ ಬಗ್ಗೆ ಆಕೆ ಕೇಳಿದಳು. ಮುನೀಂದ್ರನಿಂದ ಸುದ್ದಿ ತಿಳಿದಿತ್ತು. ಅದು ಸತ್ತೇ ಹುಟ್ಟಿತ್ತು, ಪಕ್ಕದಲ್ಲಿ ಬಟ್ಟಲು ಇಟ್ಟಿದ್ದರು ಎಂದೆ. ಬಟ್ಟಲಲ್ಲಿ ಏನಿತ್ತು ಎಂದಳು. ಬರೀ ಮಣ್ಣು, ಮೊದಲು ಏನಿತ್ತೋ ತಿಳಿಯದು ಎಂದೆ. "ಹಾಲೇ ಇರ್ಬೇಕು" ಎಂದಳು.

ಪೊಲೀಸರಿಗೆ ನನ್ನ ವರದಿ ಕೊಟ್ಟೆ. ಸಾವಿನ ಕಾರಣ ತಿಳಿಯದು, ಕೇಳಬೇಕಾದವಳು ಇಲ್ಲ. ಚಿನ್ನಪ್ಪನ ಹೇಳಿಕೆ ಬರೆದುಕೊಂಡು ಎಲುಬುಗಳನ್ನು ಮನೆಯವರಿಗೆ ಒಪ್ಪಿಸಿದರು. ಮಸಣದಲ್ಲಿ ಹೂಳಲು ಊರಿನ ಹಿರಿಯರು ಒಪ್ಪಲಿಲ್ಲ. ಹಲ್ಲು ಬಾರದ ಕೂಸು, ರೂಢಿಯಿಲ್ಲ ಎಂದರು. ರಾಮಲಕ್ಷ್ಮಮ್ಮ ಅರಳಿಕಟ್ಟೆಯ ಮುಂದೆ ನಿಂತು, ಇಪ್ಪತ್ತು ಹಲ್ಲಿದ್ದವು, ಅದರಲ್ಲಿ ಒಂದನ್ನು ಮೇಡಂ ಕೊಯ್ದಿದ್ದಾರೆ, ಕೇಳಿ ನೋಡಿ ಎಂದಳು. ಕಟ್ಟೆಯ ಮೇಲಿದ್ದವರು ನನ್ನ ಕಡೆ ನೋಡಿದರು. ಹೌದು ಎಂದೆ. ಈ ಸಲ ಯಾರೂ ನಗಲಿಲ್ಲ. ಆದರೂ ಜಾಗ ಕೊಡಲಿಲ್ಲ. ಆಕೆ ತನ್ನ ಸೇವಂತಿಗೆ ಹೊಲದ ಬದುವಿನಲ್ಲಿ ತಾನೇ ಗುದ್ದಲಿ ಹಿಡಿದು ಅಗೆದು ಮಣ್ಣು ಮಾಡಿದಳು. ಚಿನ್ನಪ್ಪ ಗುದ್ದಲಿಗೆ ಕೈ ಚಾಚಿದ. ಆಕೆ ಕೊಡಲಿಲ್ಲ.

ಸನ್ನಿ ಎಂಬ ಮಾತು ಊರಿನಲ್ಲಿ ಅಲ್ಲಿಗೆ ನಿಂತಿತು. ಆಕೆಗೆ ಅದರಿಂದ ಸಿಕ್ಕಿದ್ದೇನು ಎಂದು ನನಗೆ ಕಾಣಲಿಲ್ಲ. ಮೂವತ್ತು ವರ್ಷ ತನ್ನ ತಲೆಯನ್ನೇ ಅನುಮಾನಿಸಿ ಬದುಕಿದ್ದಳು. ಈಗ ತಲೆ ಸರಿಯಿತ್ತು, ಮನೆ ಸರಿಯಿರಲಿಲ್ಲ. ಗಂಡನಿಗೆ ಹೊತ್ತಿಗೆ ಸರಿಯಾಗಿ ಮುದ್ದೆ ಬಡಿಸುತ್ತಿದ್ದಳು, ಬಟ್ಟೆ ಒಗೆದು ಹಾಕುತ್ತಿದ್ದಳು. ಮಾತು ಮಾತ್ರ ಹಸುವಿನ ಜೊತೆ, ಮಗಳ ಜೊತೆ. ಅವನು ಇನ್ನಷ್ಟು ಒಣಗಿದ. ಸೀನು ಬಂದರೆ ಎದ್ದು ಹೊರಗೆ ಹೋಗುತ್ತಾನೆ ಎಂದು ಶಶಿಕಲಾ ಒಮ್ಮೆ ಫೋನಿನಲ್ಲಿ ಹೇಳಿದಳು.

ಮಹಾಲಯ ಅಮಾವಾಸ್ಯೆಗೆ ನನ್ನನ್ನು ಊಟಕ್ಕೆ ಕರೆದಿದ್ದರು. ಆ ಹಬ್ಬದಲ್ಲಿ ಮನೆಯ ಸತ್ತವರಿಗೆಲ್ಲ ಗೋಡೆಯ ಉದ್ದಕ್ಕೂ ಬಾಳೆಲೆ ಹಾಕಿ, ಅವರವರಿಗೆ ಇಷ್ಟವಾದದ್ದನ್ನು ಬಡಿಸಿ ಎಡೆ ಇಡುತ್ತಾರೆ. ನಾನು ಹೋದಾಗ ಶಶಿಕಲಾ ಎಲೆ ಹಾಕುತ್ತಿದ್ದಳು. ಅಜ್ಜನ ಎಲೆಗೆ ಕಜ್ಜಾಯ, ವಡೆ. ಆದಿಲಕ್ಷ್ಮಮ್ಮನ ಎಲೆಗೆ ಪಾಯಸ, ಮಗ್ಗುಲಲ್ಲಿ ಎಲೆ ಅಡಿಕೆ, ಒಂದು ಚೂರು ಹೊಗೆಸೊಪ್ಪು. ಪ್ರತಿ ವರ್ಷ ಇಡುತ್ತಿದ್ದಂತೆಯೇ. ಇಡಬೇಡ ಎಂದು ರಾಮಲಕ್ಷ್ಮಮ್ಮ ಹೇಳಿರಲಿಲ್ಲ.

ಕೊನೆಗೆ ಶಶಿಕಲಾ ಒಂದು ಕುಡಿಬಾಳೆಯ ಎಲೆ ತಂದಳು, ಅಂಗೈಯಗಲದ್ದು. ಅದರ ಮೇಲೆ ಪುಟ್ಟ ಬಟ್ಟಲಿನಲ್ಲಿ ಹಾಲು. ಸಾಲಿನ ಕೊನೆಯಲ್ಲಿ, ಅಜ್ಜಿಯ ಎಲೆಯ ಪಕ್ಕದಲ್ಲಿ ಇಟ್ಟಳು. ಮಕ್ಕಳು ಅಜ್ಜಿಯ ಹತ್ತಿರ ಮಲಗುವುದು ಮನೆಗಳಲ್ಲಿ ರೂಢಿ. ಅವಳು ಬೇರೆ ಏನನ್ನೂ ಯೋಚಿಸಿರಲಿಲ್ಲ.

ರಾಮಲಕ್ಷ್ಮಮ್ಮ ಒಲೆಯ ಮುಂದಿನಿಂದ ಎದ್ದು ಬಂದಳು. ಸಾಲನ್ನು ನೋಡಿದಳು.

"ಅಲ್ಲಿ ಬ್ಯಾಡ" ಎಂದಳು. "ಅವ್ಳ ಪಕ್ಕ ಕೂಸು ಬ್ಯಾಡ."

ಬಗ್ಗಿ ಎಲೆಯನ್ನು ಎರಡೂ ಕೈಯಲ್ಲಿ, ಹಾಲು ತುಳುಕದ ಹಾಗೆ ಎತ್ತಿದಳು. ಸಾಲಿನ ಮುಂದೆ ಕೈಮುಗಿದು ನಿಂತಿದ್ದ ಚಿನ್ನಪ್ಪ ದಾರಿ ಬಿಟ್ಟು ಗೋಡೆಗೆ ಸರಿದ. ಆಕೆ ನಡುಮನೆ ದಾಟಿ, ತಾನು ಮಲಗುವ ಕೋಣೆಗೆ ಹೋಗಿ, ಚಾಪೆಯ ಪಕ್ಕದಲ್ಲಿ ಎಲೆ ಇಟ್ಟು, ಅದರ ಮುಂದೆ ಕೂತಳು. ಹೊರಗೆ ಎಡೆಗೆ ಧೂಪ ಹಾಕಿದರು, ಕಾಗೆಗೆ ಅನ್ನ ಇಟ್ಟು ಕರೆದರು, ಎಲ್ಲರ ಊಟವೂ ಆಯಿತು. ನಾನು ಹೊರಡುವೆನೆಂದು ಹೇಳಲು ಕೋಣೆಯ ಬಾಗಿಲಿಗೆ ಹೋದಾಗಲೂ ಆಕೆ ಅಲ್ಲೇ ಕೂತಿದ್ದಳು, ಹಾಲಿಗೆ ಇರುವೆ ಬರದ ಹಾಗೆ ಬಟ್ಟಲಿನ ಸುತ್ತ ಸೆರಗಿನ ತುದಿಯಿಂದ ಒರೆಸುತ್ತ.